ಎದೆಯುರಿಗೆ ಮಾತ್ರೆ ಸರಿ, ಕಾಯಿಲೆ ಅದೇನಾ ಅಂತ ನೋಡಿದ್ದೀರಾ?

ಯಾವುದಾದರೂ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. "ಪ್ಯಾನ್ ಫಾರ್ಟಿ ಒಂದು ಸ್ಟ್ರಿಪ್ ಕೊಡಿ" ಅಂತ ಕೇಳುವವರು ಒಬ್ಬರಾದರೂ ಬಂದೇ ಬರುತ್ತಾರೆ. ಆಸಿಡ್ ತಗ್ಗಿಸುವ ಪ್ಯಾಂಟೋಪ್ರಜೋಲ್ ಮಾತ್ರೆಯ ಹೆಸರು ಅದು. ಕೈಯಲ್ಲಿ ಚೀಟಿ ಇರುವುದಿಲ್ಲ, ಅಂಗಡಿಯವರೂ ಕೇಳುವುದಿಲ್ಲ. ಎಂದೋ ಜ್ವರ ಬಂದಾಗ ಆಂಟಿಬಯಾಟಿಕ್ ಜೊತೆ ಐದು ದಿನಕ್ಕೆಂದು ಡಾಕ್ಟರು ಬರೆದುಕೊಟ್ಟದ್ದು ವರ್ಷಗಟ್ಟಲೆ ನಡೆದುಕೊಂಡು ಬಂದಿರುತ್ತದೆ. ಮನೆಯಲ್ಲಿ ಒಬ್ಬರು ತಂದರೆ ಉಳಿದವರಿಗೂ ಅದೇ ಆಗುತ್ತದೆ. ಹೊಟ್ಟೆ ಉಬ್ಬರಕ್ಕೂ ಅದೇ, ತೇಗಿಗೂ ಅದೇ, ಎದೆನೋವಿಗೂ ಅದೇ.

ಈ ಮಾತ್ರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಸಿಡ್ ರಿಫ್ಲಕ್ಸ್, ಅಂದರೆ ಹೊಟ್ಟೆಯ ಆಸಿಡ್ ಗಂಟಲ ಕಡೆಗೆ ಮೇಲೆ ಬರುವ ತೊಂದರೆ, ನಿಜವಾಗಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಔಷಧಿಗಳು ಕಡಿಮೆ. ನನ್ನ ತಕರಾರು ಇರುವುದು ನಾವು ಅದನ್ನು ನುಂಗುವ ರೀತಿಯ ಬಗ್ಗೆ. ಕಾಯಿಲೆ ಯಾವುದು ಅಂತ ತಿಳಿದಿಲ್ಲ, ಮಾತ್ರೆ ತಗೊಳ್ಳುವ ಹೊತ್ತು ಸರಿ ಇಲ್ಲ, ಗುಣ ಕಾಣದಿದ್ದರೆ ಬ್ರಾಂಡ್ ಬದಲಿಸುತ್ತೇವೆ, ಯಾವಾಗ ನಿಲ್ಲಿಸಬೇಕು ಅಂತ ಯಾರೂ ಹೇಳಿರುವುದಿಲ್ಲ. ಅದನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಬೇಕು ಅನ್ನಿಸಿತು.

ಆಸಿಡ್ ಜಾಸ್ತಿ ಆಗಿದೆ ಅನ್ನುತ್ತೇವೆ, ನಿಜವಾಗಿ ಆಗುವುದೇನು?

ನಮ್ಮ ಹೊಟ್ಟೆಯಲ್ಲಿ ಆಸಿಡ್ ಇರಲೇಬೇಕು. ಊಟದ ಪ್ರೋಟೀನ್ ಒಡೆಯಲಿಕ್ಕೆ ಬೇಕು, ಊಟದ ಜೊತೆ ಒಳಗೆ ಹೋಗುವ ರೋಗಾಣುಗಳನ್ನು ಸಾಯಿಸಲಿಕ್ಕೂ ಬೇಕು. ಆಮ್ಲದ ಅಳತೆಯಾದ ಪಿಎಚ್ ಕಡಿಮೆ ಇದ್ದಷ್ಟೂ ಆಮ್ಲ ಜೋರು. ಹೊಟ್ಟೆಯಲ್ಲಿ ಅದು 1ರಿಂದ 2ರ ಆಸುಪಾಸಿನಲ್ಲಿರುತ್ತದೆ, ಅಂದರೆ ತುಂಬಾ ಪ್ರಬಲವಾದ ಆಮ್ಲ. ಹೊಟ್ಟೆಯ ಗೋಡೆಗೆ ಅದನ್ನು ತಡೆದುಕೊಳ್ಳುವ ಲೋಳೆಯ ಪದರ ಇದೆ. ಗಂಟಲಿನಿಂದ ಹೊಟ್ಟೆಗೆ ಇಳಿಯುವ ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ.

ಈ ಎರಡರ ನಡುವೆ ಒಂದು ಸ್ನಾಯುವಿನ ಬಿಗಿ ಇದೆ. ಊಟ ನುಂಗಿದಾಗ ಸಡಿಲವಾಗಿ, ಆಮೇಲೆ ಮುಚ್ಚಿಕೊಳ್ಳುತ್ತದೆ. ಅದರ ಸುತ್ತ ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ವಪೆಯ ಸ್ನಾಯು ಕೂಡ ಹೊರಗಿನಿಂದ ಹಿಡಿದುಕೊಂಡಿರುತ್ತದೆ. ಹೆಚ್ಚಿನವರಲ್ಲಿ ತೊಂದರೆ ಶುರುವಾಗುವುದು ಇಲ್ಲೇ. ನುಂಗದೆ ಇದ್ದಾಗಲೂ ಆ ಬಿಗಿ ಆಗಾಗ ಸಡಿಲವಾಗುತ್ತದೆ, ಹೊಟ್ಟೆ ತುಂಬಿ ಹಿಗ್ಗಿದಾಗ ಇನ್ನೂ ಜಾಸ್ತಿ. ಕೆಲವರಲ್ಲಿ ಹೊಟ್ಟೆಯ ಮೇಲ್ಭಾಗವೇ ವಪೆಯ ಕಂಡಿಯಿಂದ ಎದೆಗೂಡಿನೊಳಕ್ಕೆ ಜಾರಿರುತ್ತದೆ. ಅದನ್ನೇ ಹಯಾಟಸ್ ಹರ್ನಿಯಾ ಅನ್ನುವುದು. ಸೊಂಟದ ಸುತ್ತ ಬೊಜ್ಜು ಬಂದರೆ ಒಳಗಿನ ಒತ್ತಡ ಏರಿ ಎಲ್ಲ ಮೇಲಕ್ಕೆ ದೂಡಿಸಿಕೊಳ್ಳುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನು ಆ ಬಿಗಿಯನ್ನು ಸಡಿಲಿಸುತ್ತದೆ, ಬೆಳೆಯುವ ಮಗುವಿನ ಒತ್ತಡವೂ ಸೇರಿಕೊಳ್ಳುತ್ತದೆ.

ಹಾಗಾಗಿ ಬಹುತೇಕ ರೋಗಿಗಳಲ್ಲಿ ತಯಾರಾಗುವ ಆಸಿಡ್ ಎಲ್ಲರಲ್ಲಿ ಇರುವಷ್ಟೇ ಇರುತ್ತದೆ. ಇರಬಾರದ ಜಾಗಕ್ಕೆ ಅದು ಬರುತ್ತಿದೆ, ಅಷ್ಟೇ. ಮಾತ್ರೆ ಮಾಡುವುದು ಮೇಲೆ ಬರುವ ದ್ರವದ ಆಸಿಡ್ ಅಂಶ ಕಡಿಮೆ ಮಾಡುವ ಕೆಲಸ. ಸಡಿಲವಾದ ಬಿಗಿಯನ್ನು ಅದು ಸರಿ ಮಾಡುವುದಿಲ್ಲ. "ಮಾತ್ರೆ ತಗೊಂಡರೂ ಬಾಯಿಗೆ ನೀರು ಬರುತ್ತೆ, ಆದರೆ ಉರಿ ಇಲ್ಲ" ಅಂತ ಕೆಲವರು ಹೇಳುತ್ತಾರಲ್ಲ, ಕಾರಣ ಇದೇ.

ಊಟವಾದ ಮೇಲೆ ಎಲ್ಲರಿಗೂ ಸ್ವಲ್ಪ ಆಸಿಡ್ ಮೇಲೆ ಬರುತ್ತದೆ. ಜೊಲ್ಲು ಅದನ್ನು ತೊಳೆದು ಕೆಳಗೆ ಕಳಿಸುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅದು ಪದೇ ಪದೇ ಬಂದು ಕಾಡಿಸತೊಡಗಿದಾಗ ಅಥವಾ ಅನ್ನನಾಳಕ್ಕೆ ಗಾಯ ಮಾಡಿದಾಗ ಮಾತ್ರ ಅದನ್ನು ರಿಫ್ಲಕ್ಸ್ ಕಾಯಿಲೆ ಅನ್ನುತ್ತಾರೆ. ಡಾಕ್ಟರ ಚೀಟಿಯಲ್ಲಿ ಕಾಣುವ ಜಿಇಆರ್‌ಡಿ ಅಂದರೆ ಇದೇ.

ಮೊದಲು ಹೃದಯದ ಮಾತು

ಇದನ್ನು ಮುಂದಕ್ಕೆ ಹಾಕಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಎಷ್ಟೋ ಜನ "ಗ್ಯಾಸ್ಟ್ರಿಕ್ ಇರಬೇಕು" ಅಂತ ಸೋಡಾ ಕುಡಿದು, ಈನೋ ಕುಡಿದು, ಓಮದ ನೀರು ಕುಡಿದು ಮಲಗಿದ್ದಾರೆ, ಆಗುತ್ತಿದ್ದದ್ದು ಹೃದಯಾಘಾತ. ಎದೆಯ ಮೇಲೆ ಭಾರ ಇಟ್ಟ ಹಾಗೆ ಆಗುವುದು, ನೋವು ಭುಜಕ್ಕೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರುವುದು, ಉಸಿರು ಕಟ್ಟುವುದು, ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಕಡಿಮೆಯಾಗುವುದು, ಇವನ್ನು ಎದೆಯುರಿ ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಬರೀ ಹೊಟ್ಟೆಯ ಮೇಲ್ಭಾಗದ ಸಂಕಟವೋ ವಾಕರಿಕೆಯೋ ಆಗಿಯೂ ಅದು ಬರಬಹುದು. ಆಂಟಾಸಿಡ್ ಕುಡಿದ ಮೇಲೆ ಹಗುರ ಅನ್ನಿಸಿತು ಅಂದರೆ ಹೃದಯದ್ದಲ್ಲ ಅಂತ ಅರ್ಥ ಅಲ್ಲ.

ಆ ಹೊತ್ತಲ್ಲಿ ಬೇಕಿರುವುದು ಇಸಿಜಿ. ಕರ್ನಾಟಕದ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ಹೃದಯಾಘಾತ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಹತ್ತಿರದ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆಯಾ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ಇಸಿಜಿಯಲ್ಲಿ ಏನೂ ಇಲ್ಲ, ಗ್ಯಾಸ್ಟ್ರಿಕ್ ಅಂತ ವಾಪಸ್ ಕಳಿಸಿದರೆ ಒಳ್ಳೆಯದೇ ಆಯಿತಲ್ಲ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ರಿಫ್ಲಕ್ಸ್ ಅಂತ ಗೊತ್ತಾಗುವುದು ಹೇಗೆ?

ಎದೆಮೂಳೆಯ ಹಿಂದೆ ಕೆಳಗಿನಿಂದ ಮೇಲಕ್ಕೆ ಏರುವ ಉರಿ, ಬಗ್ಗಿದಾಗ ಅಥವಾ ಮಲಗಿದಾಗ ಗಂಟಲಿಗೆ ಬರುವ ಹುಳಿ ಅಥವಾ ಕಹಿ ನೀರು. ಈ ಎರಡು ಸ್ಪಷ್ಟವಾಗಿದ್ದು, ಅಪಾಯದ ಲಕ್ಷಣ ಯಾವುದೂ ಇಲ್ಲದಿದ್ದರೆ ಮೊದಲ ದಿನವೇ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಬೇಕಿಲ್ಲ. ಎಂಟು ವಾರ ಮಾತ್ರೆ ಕೊಟ್ಟು ನೋಡುವುದು ಒಪ್ಪಿಕೊಂಡ ಪದ್ಧತಿ. ಕಡಿಮೆಯಾದರೆ ರಿಫ್ಲಕ್ಸ್ ಇರಬಹುದು ಅಂತ ಅಂದಾಜು. ಬರೀ ಅಂದಾಜು, ಯಾಕೆಂದರೆ ಅಲ್ಸರ್ ನೋವೂ ಈ ಮಾತ್ರೆಗೆ ಇಳಿಯುತ್ತದೆ, ಮಾತ್ರೆ ತಗೊಂಡೆ ಅನ್ನುವ ಸಮಾಧಾನಕ್ಕೂ ಕೆಲವರಿಗೆ ಕಡಿಮೆ ಆಗುತ್ತದೆ.

ಅಪಾಯದ ಲಕ್ಷಣಗಳು ಅಂದೆನಲ್ಲ, ಅವು ಇವು: ಊಟ ಗಂಟಲಲ್ಲೋ ಎದೆಯಲ್ಲೋ ಸಿಕ್ಕಿಕೊಂಡ ಹಾಗಾಗುವುದು, ನುಂಗುವಾಗ ನೋವು, ಕಾರಣ ಇಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ರಕ್ತಹೀನತೆ, ನಿಲ್ಲದ ವಾಂತಿ. ಅದರಲ್ಲೂ ಮೊದಲು ಮುದ್ದೆ, ಚಪಾತಿ ಇಳಿಯುತ್ತಿರಲಿಲ್ಲ, ಈಗ ಗಂಜಿಯೂ ಕಷ್ಟ ಅನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ ಒಂದು ವಾರವೂ ಕಾಯಬಾರದು, ಮಾತ್ರೆ ಪ್ರಯೋಗ ಮಾಡಬಾರದು. ತಂಬಾಕು, ಗುಟ್ಕಾ, ಸಾರಾಯಿ ಅಭ್ಯಾಸ ಇರುವವರಲ್ಲಿ ಅನ್ನನಾಳದ ಕ್ಯಾನ್ಸರ್ ನಮ್ಮ ದೇಶದಲ್ಲಿ ಅಪರೂಪವೇನೂ ಅಲ್ಲ.

ಇನ್ನು ಎಂಡೋಸ್ಕೋಪಿ. ಇದರ ಬಗ್ಗೆ ಇರುವ ಹೆದರಿಕೆ ಪರೀಕ್ಷೆಗಿಂತ ದೊಡ್ಡದು. ರಾತ್ರಿಯಿಂದ ಉಪವಾಸ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಬೇಕಾದರೆ ಮಂಪರಿನ ಇಂಜೆಕ್ಷನ್, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಅನ್ನನಾಳದ ಕೆಳತುದಿಯಲ್ಲಿ ಗೀರಿದಂಥ ಕೆಂಪು ಗಾಯಗಳಿದ್ದರೆ ಅವುಗಳ ಉದ್ದ, ಹರವು ನೋಡಿ ಎ, ಬಿ, ಸಿ, ಡಿ ಅಂತ ಗ್ರೇಡ್ ಕೊಡುತ್ತಾರೆ. ಲಾಸ್ ಏಂಜಲೀಸ್ ಗ್ರೇಡ್ ಅಂತ ವರದಿಯಲ್ಲಿ ಇರುವುದು ಅದೇ. ಬಿ ಮತ್ತು ಅದಕ್ಕಿಂತ ಮೇಲಿನದು ಇದ್ದರೆ ರಿಫ್ಲಕ್ಸ್ ಖಚಿತ ಅಂತ ಈಗಿನ ಅಂತರರಾಷ್ಟ್ರೀಯ ಒಮ್ಮತ. ಎ ಒಂದೇ ಇದ್ದರೆ ಸಾಲದು, ಆರೋಗ್ಯವಂತರಲ್ಲೂ ಅದು ಕಾಣುತ್ತದೆ.

ಎಡವಟ್ಟಾಗುವುದು ರಿಪೋರ್ಟ್ ನಾರ್ಮಲ್ ಬಂದಾಗ. ರೋಗಿ "ನನಗೇನೂ ಇಲ್ಲವಂತೆ" ಅನ್ನುತ್ತಾರೆ, ಮನೆಯವರು "ಎಲ್ಲ ಮನಸ್ಸಿನದು" ಅನ್ನುತ್ತಾರೆ. ರಿಫ್ಲಕ್ಸ್ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಎಂಡೋಸ್ಕೋಪಿ ನಾರ್ಮಲ್ಲೇ ಇರುತ್ತದೆ. ಗಾಯ ಇಲ್ಲದೆಯೂ ಕಾಯಿಲೆ ಇರಬಹುದು. ಮಾತ್ರೆ ನುಂಗುತ್ತಲೇ ಎಂಡೋಸ್ಕೋಪಿಗೆ ಹೋದರೆ ಗಾಯ ಆಗಲೇ ಮಾಗಿರುತ್ತದೆ, ಆಗ ಏನು ಕಾಣಬೇಕು ಹೇಳಿ? ಕಾಯಿಲೆ ಇದೆಯಾ ಅಂತ ತಿಳಿಯಲಿಕ್ಕೇ ಪರೀಕ್ಷೆ ಮಾಡಿಸುವುದಾದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಮೊದಲು ಮಾತ್ರೆ ನಿಲ್ಲಿಸಿರಬೇಕು. ನಿಮಗೆ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ನೀವಾಗಿಯೇ ಕೇಳಿ, ಎಷ್ಟೋ ಕಡೆ ಇದನ್ನು ಹೇಳುವುದೇ ಮರೆತುಹೋಗುತ್ತದೆ.

ಹೀಗೆ ಎಂಡೋಸ್ಕೋಪಿಯಲ್ಲಿ ಏನೂ ಕಾಣದೆ, ಮಾತ್ರೆಗೂ ಬಗ್ಗದೆ ಇರುವವರಿಗೆ ಪಿಎಚ್ ಪರೀಕ್ಷೆ ಇದೆ. ದೊಡ್ಡ ಊರುಗಳ ಗ್ಯಾಸ್ಟ್ರೋ ವಿಭಾಗಗಳಲ್ಲಿ ಸಿಗುತ್ತದೆ, ಅದರ ಹೆಸರೇ ಕೇಳದ ರೋಗಿಗಳು ಬಹಳ. ಮೂಗಿನಿಂದ ತೆಳ್ಳನೆಯ ಕೊಳವೆ ಒಳಗೆ ಬಿಡುತ್ತಾರೆ. ಅದರ ಸೆನ್ಸರ್ ಆ ಸ್ನಾಯುಬಿಗಿಗಿಂತ 5 ಸೆಂಟಿಮೀಟರ್ ಮೇಲೆ ನಿಲ್ಲುವ ಹಾಗೆ ಅಳೆದು, ಕೊಳವೆಯನ್ನು ಕೆನ್ನೆಗೆ ಟೇಪ್ ಹಾಕಿ, ಸೊಂಟಕ್ಕೆ ಒಂದು ಪುಟ್ಟ ರೆಕಾರ್ಡರ್ ಕಟ್ಟಿ ಮನೆಗೆ ಕಳಿಸುತ್ತಾರೆ. 24 ಗಂಟೆ ಅದು ಇರುತ್ತದೆ. ಊಟ ಮಾಡಿದಾಗ ಒಂದು ಬಟನ್, ಮಲಗಿದಾಗ ಒಂದು, ಉರಿ ಬಂದಾಗ ಒಂದು, ಜೊತೆಗೆ ಚೀಟಿಯಲ್ಲಿ ಹೊತ್ತು ಬರೆದಿಡಬೇಕು. ಬಹಳ ಜನ ಮುಜುಗರಕ್ಕೆ ಆ ದಿನ ರಜೆ ಹಾಕಿ, ಗಂಜಿ ಕುಡಿದು ಸುಮ್ನೆ ಮಲಗಿಬಿಡುತ್ತಾರೆ. ಹಾಗೆ ಮಾಡಿದರೆ ಪರೀಕ್ಷೆಯೇ ದಂಡ. ಯಾವತ್ತಿನ ಹಾಗೆ ಉಣ್ಣಬೇಕು, ಓಡಾಡಬೇಕು, ಕೆಲಸ ಮಾಡಬೇಕು.

ಮರುದಿನ ಕಂಪ್ಯೂಟರ್ ಪರದೆಯ ಮೇಲೆ ಇಡೀ ದಿನದ ಗೆರೆ ಕಾಣುತ್ತದೆ. ಗೆರೆ ಪಿಎಚ್ 4ರ ಕೆಳಗೆ ಜಾರಿದ ಒಟ್ಟು ಹೊತ್ತು ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಶೇಕಡಾ 4ಕ್ಕಿಂತ ಕಡಿಮೆ, ಅಂದರೆ ದಿನಕ್ಕೆ ಒಂದು ಗಂಟೆಯೊಳಗೆ ಇದ್ದರೆ ಸಹಜ. ಶೇಕಡಾ 6 ದಾಟಿದರೆ, ಅಂದರೆ ಸುಮಾರು 86 ನಿಮಿಷಕ್ಕಿಂತ ಜಾಸ್ತಿ ಇದ್ದರೆ ರಿಫ್ಲಕ್ಸ್ ಹೌದು. ನಡುವೆ ಇದ್ದರೆ ಬೇರೆ ಆಧಾರ ನೋಡಬೇಕು. ನನಗೆ ಈ ಪರೀಕ್ಷೆಯಲ್ಲಿ ಬಹಳ ಮುಖ್ಯ ಅನ್ನಿಸುವುದು ಆ ಬಟನ್. ನೀವು ಉರಿ ಅಂತ ಒತ್ತಿದ ಹೊತ್ತಿಗೂ ಗೆರೆ ಜಾರಿದ ಹೊತ್ತಿಗೂ ತಾಳೆ ಇದೆಯಾ? ಒಟ್ಟು ಆಸಿಡ್ ಸಹಜವಾಗಿದ್ದು, ಪ್ರತಿ ಸಣ್ಣ ಜಾರುವಿಕೆಗೂ ಉರಿ ಬರುತ್ತಿದ್ದರೆ ಅನ್ನನಾಳದ ನರಗಳು ಅತಿ ಸೂಕ್ಷ್ಮವಾಗಿವೆ ಅಂತ. ಉರಿಗೂ ಆಸಿಡ್‌ಗೂ ಸಂಬಂಧವೇ ಇಲ್ಲದಿದ್ದರೆ ಅದು ಫಂಕ್ಷನಲ್ ಹಾರ್ಟ್‌ಬರ್ನ್. ಉರಿ ನಿಜ, ನೋವು ನಿಜ, ಆಸಿಡ್ ಮಾತ್ರ ಕಾರಣ ಅಲ್ಲ. ಅಂಥವರಿಗೆ ಆಸಿಡ್ ಮಾತ್ರೆಯ ಡೋಸ್ ಏರಿಸುತ್ತಾ ಹೋಗುವುದರಿಂದ ಪ್ರಯೋಜನ ಇಲ್ಲ. ನರದ ಸೂಕ್ಷ್ಮತೆ ತಗ್ಗಿಸುವ ಸಣ್ಣ ಡೋಸಿನ ಔಷಧಿ, ಹೊಟ್ಟೆಯಿಂದ ಆಳವಾಗಿ ಉಸಿರಾಡುವ ಅಭ್ಯಾಸ, ಇವು ಅವರಿಗೆ ಹೆಚ್ಚು ಸಹಾಯ ಮಾಡುತ್ತವೆ.

ಇನ್ನೊಂದು ಪರೀಕ್ಷೆ ಮ್ಯಾನೋಮೆಟ್ರಿ, ಅನ್ನನಾಳದ ಸ್ನಾಯುಗಳ ಒತ್ತಡ ಅಳೆಯುವುದು. ಅಕಲೇಸಿಯಾ ಅನ್ನುವ ಕಾಯಿಲೆಯಲ್ಲಿ ಆ ಬಿಗಿ ತೆರೆಯುವುದೇ ಇಲ್ಲ, ಉಂಡದ್ದು ಮೇಲೇ ನಿಂತು ವಾಪಸ್ ಬರುತ್ತದೆ. ರಿಫ್ಲಕ್ಸ್‌ಗೆ ಪೂರ್ತಿ ಉಲ್ಟಾ ಕಾಯಿಲೆ, ಲಕ್ಷಣ ಮಾತ್ರ ಒಂದೇ ಥರ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ತಿಂದ ಮೇಲೆ ಇದು ಪತ್ತೆಯಾದವರಿದ್ದಾರೆ.

ಎಚ್ ಪೈಲೋರಿ ಬ್ಯಾಕ್ಟೀರಿಯಾ ಪರೀಕ್ಷೆ ಬಗ್ಗೆಯೂ ಕೇಳುತ್ತಾರೆ. ಅದು ಅಲ್ಸರ್‌ಗೆ ದೊಡ್ಡ ಕಾರಣ. ಅದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ರಿಫ್ಲಕ್ಸ್‌ಗೆ ಕಾರಣ ಅದಲ್ಲ. ಕೆಮ್ಮು, ಧ್ವನಿ ಒಡೆಯುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನ್ನಿಸುವುದು ಇಷ್ಟೇ ಇದ್ದು ಎದೆಯುರಿ ಇಲ್ಲದಿದ್ದರೆ, ತಿಂಗಳುಗಟ್ಟಲೆ ಮಾತ್ರೆ ತಿನ್ನುವ ಮೊದಲು ಪರೀಕ್ಷೆ ಮಾಡಿಸುವುದೇ ಜಾಣತನ.

ಮಾತ್ರೆ ಯಾವಾಗ, ಯಾವುದು?

ಪ್ಯಾಂಟೋಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್ ಎಲ್ಲ ಒಂದೇ ಮನೆತನ. ಮೊದಲನೆಯದಾದ ಒಮೆಪ್ರಜೋಲ್ 1988ರಲ್ಲಿ ಮಾರುಕಟ್ಟೆಗೆ ಬಂತು. ಹೊಟ್ಟೆಯ ಗೋಡೆಯಲ್ಲಿ ಆಸಿಡ್ ಹೊರಹಾಕುವ ಸಣ್ಣ ಸಣ್ಣ ಪಂಪುಗಳಿವೆ, ಈ ಔಷಧಿ ಅವಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಆದರೆ ಚಾಲೂ ಇರುವ ಪಂಪಿಗೆ ಮಾತ್ರ ಅಂಟುತ್ತದೆ. ಪಂಪುಗಳು ಚಾಲೂ ಆಗುವುದು ಊಟ ಮಾಡಿದಾಗ. ಔಷಧಿ ರಕ್ತದಲ್ಲಿ ಇರುವುದು ಕೆಲವೇ ಗಂಟೆ. ಆದ್ದರಿಂದ ಊಟಕ್ಕೆ 30ರಿಂದ 60 ನಿಮಿಷ ಮೊದಲು ನುಂಗಿ, ಆಮೇಲೆ ನಿಜವಾಗಿ ತಿಂಡಿ ತಿನ್ನಬೇಕು. ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ ಹನ್ನೊಂದಕ್ಕೆ ತಿಂಡಿ ತಿಂದರೆ, ಅಥವಾ ರಾತ್ರಿ ಊಟ ಮುಗಿಸಿ ಮಲಗುವಾಗ ನುಂಗಿದರೆ ಅರ್ಧ ಕೆಲಸವೂ ಆಗುವುದಿಲ್ಲ. "ಯಾವ ಮಾತ್ರೆಗೂ ಬಗ್ಗುತ್ತಿಲ್ಲ" ಅನ್ನುವವರಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ಇನ್ನೊಂದು, ಮೊದಲ ದಿನವೇ ಪೂರ್ತಿ ಗುಣ ಸಿಗುವುದಿಲ್ಲ, ಮೂರು ನಾಲ್ಕು ದಿನ ಬೇಕು. ಉರಿ ಬಂದಾಗ ಒಂದು ನುಂಗುವುದಕ್ಕೆ ಇದು ತಕ್ಕ ಔಷಧಿಯಲ್ಲ.

ಆಗಿಂದಾಗ ಬರುವ ಉರಿಗೆ ಆಂಟಾಸಿಡ್ ಸಾಕು, ಅಥವಾ ಆಲ್ಜಿನೇಟ್ ಇರುವ ದ್ರಾವಣ ಇನ್ನೂ ಒಳ್ಳೆಯದು. ಊಟದ ನಂತರ ಆಸಿಡ್‌ನ ಒಂದು ಪದರ ಊಟದ ಮೇಲೆ ತೇಲುತ್ತಾ ಅನ್ನನಾಳದ ಬಾಗಿಲ ಹತ್ತಿರವೇ ನಿಂತಿರುತ್ತದೆ, ಆಲ್ಜಿನೇಟ್ ಅದರ ಮೇಲೆ ತೆಪ್ಪದ ಹಾಗೆ ಕೂರುತ್ತದೆ. ಗರ್ಭಿಣಿಯರಿಗೂ ಸಾಮಾನ್ಯವಾಗಿ ಮೊದಲು ಸೂಚಿಸುವುದು ಇಂಥವನ್ನೇ. ರಾತ್ರಿ ಕಾಡುವ ಉರಿಗೆ ಫ್ಯಾಮೊಟಿಡಿನ್ ಇದೆ. ಹೊಸದಾಗಿ ವೊನೊಪ್ರಜಾನ್ ಬಂದಿದೆ, ಅದಕ್ಕೆ ಊಟದ ಹೊತ್ತಿನ ಕಟ್ಟುಪಾಡಿಲ್ಲ, ಅನ್ನನಾಳಕ್ಕೆ ದೊಡ್ಡ ಗಾಯ ಆದವರಿಗೆ ಉಪಯೋಗ.

ಹೆಸರಿನ ಕೊನೆಗೆ "ಡಿ" ಅಥವಾ "ಡಿಎಸ್‌ಆರ್" ಇರುವ ಕ್ಯಾಪ್ಸೂಲ್ ಬಗ್ಗೆ ಒಂದು ಮಾತು. ಅದರಲ್ಲಿ ಡಾಂಪೆರಿಡೋನ್ ಸೇರಿರುತ್ತದೆ, ಅದು ವಾಂತಿ, ವಾಕರಿಕೆಯ ಔಷಧಿ. ಹೃದಯದ ಬಡಿತದ ಲಯ ಕೆಡಿಸುವ ಸಾಧ್ಯತೆ ಇರುವುದರಿಂದ ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಅದನ್ನು ವಾಂತಿ, ವಾಕರಿಕೆಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರದೊಳಗೆ ಅಂತ ಮಿತಿ ಹಾಕಿದರು. ನಮ್ಮಲ್ಲಿ ವಯಸ್ಸಾದವರು, ಹೃದಯದ ಮಾತ್ರೆ ತಗೊಳ್ಳುವವರು ಸಹ ಅದನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಮನೆಯ ಹಿರಿಯರ ಡಬ್ಬಿ ಒಮ್ಮೆ ತೆಗೆದು ನೋಡಿ, ಇದ್ದರೆ ಡಾಕ್ಟರ ಹತ್ತಿರ ಮಾತಾಡಿ. ಅದೇ ಡಬ್ಬಿಯಲ್ಲಿ ಬಿಪಿಗೆ ಅಮ್ಲೋಡಿಪಿನ್ ಇದ್ದರೆ ಅದೂ ಆ ಸ್ನಾಯುವನ್ನು ಸಡಿಲಿಸಬಹುದು, ಮೂಳೆ ಸವೆತದ ಮಾತ್ರೆ, ನೋವಿನ ಮಾತ್ರೆ ಅನ್ನನಾಳಕ್ಕೆ ಗಾಯ ಮಾಡಬಹುದು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಕೇಳಿ.

ಊಟದ ವಿಷಯದಲ್ಲಿ ಉದ್ದುದ್ದ ಪಟ್ಟಿ ಕೊಟ್ಟು ಜನರನ್ನು ಹೆದರಿಸುವುದು ನನಗೆ ಇಷ್ಟವಿಲ್ಲ. ಒಬ್ಬರಿಗೆ ಬಜ್ಜಿ ಆಗದು, ಒಬ್ಬರಿಗೆ ಕಾಫಿ, ಇನ್ನೊಬ್ಬರಿಗೆ ಹುಣಸೆಹುಳಿ ಜಾಸ್ತಿಯಾದ ಸಾರು. ನಿಮಗೆ ಆಗದ್ದನ್ನು ಬಿಡಿ, ಉಳಿದದ್ದು ಉಣ್ಣಿ. ತಣ್ಣನೆ ಹಾಲು ಆ ಕ್ಷಣಕ್ಕೆ ಹಿತ, ಆದರೆ ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಆಮೇಲೆ ಆಸಿಡ್ ಇನ್ನಷ್ಟು ಹುಟ್ಟಿಸುತ್ತದೆ. ಏನು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ, ಎಷ್ಟು ತಿಂದು ಮಲಗಿದಿರಿ ಅನ್ನುವುದು ಮುಖ್ಯ. ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯೆ ಉಂಡು ಹತ್ತೂವರೆಗೆ ಹಾಸಿಗೆ ಸೇರುವ ಬೆಂಗಳೂರಿನ ದಿನಚರಿಗೆ ಯಾವ ಮಾತ್ರೆಯೂ ಪೂರ್ತಿ ಉತ್ತರ ಕೊಡಲಾರದು. ನಿದ್ದೆಯಲ್ಲಿ ಜೊಲ್ಲು ಬರುವುದು, ನುಂಗುವುದು ಎರಡೂ ಬಹುಪಾಲು ನಿಂತಿರುತ್ತದೆ, ಮೇಲೆ ಬಂದ ಆಸಿಡ್ ಅಲ್ಲೇ ಉಳಿಯುತ್ತದೆ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇರಲಿ. ಎಡ ಮಗ್ಗುಲಲ್ಲಿ ಮಲಗಿ, ಆಗ ಹೊಟ್ಟೆಯ ಬಾಗಿಲು ಆಸಿಡ್ ಮಟ್ಟಕ್ಕಿಂತ ಮೇಲಿರುತ್ತದೆ. ಮಂಚದ ತಲೆಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಇಟ್ಟಿಗೆ ಅಥವಾ ಮರದ ತುಂಡು ಇಡಿ. ಎರಡು ದಿಂಬು ಹಾಕಿದರೆ ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಚಿ ಒತ್ತಡ ಇನ್ನೂ ಹೆಚ್ಚುತ್ತದೆ. ತೂಕ ಜಾಸ್ತಿ ಇರುವವರು ಸ್ವಲ್ಪ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ, ಇದಕ್ಕೆ ಪುರಾವೆ ಗಟ್ಟಿಯಾಗಿದೆ.

ಆಪರೇಶನ್ನೂ ಇದೆ. ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಗೆ ಸುತ್ತಿ ಹೊಲಿಯುವ ಫಂಡೊಪ್ಲಿಕೇಶನ್, ರುಡಾಲ್ಫ್ ನಿಸ್ಸೆನ್ 1955ರಲ್ಲಿ ಶುರು ಮಾಡಿದ್ದು, ಈಗ ಲ್ಯಾಪರೊಸ್ಕೋಪಿಯಲ್ಲಿ ಮಾಡುತ್ತಾರೆ. ರಿಫ್ಲಕ್ಸ್ ಪರೀಕ್ಷೆಯಲ್ಲಿ ಖಚಿತವಾದವರಿಗೆ, ದೊಡ್ಡ ಹರ್ನಿಯಾ ಇರುವವರಿಗೆ ಒಳ್ಳೆಯ ದಾರಿ. ಪಿಎಚ್, ಮ್ಯಾನೋಮೆಟ್ರಿ ಏನೂ ಮಾಡಿಸದೆ ನೇರ ಆಪರೇಶನ್ ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ನಿಲ್ಲಿಸುವುದು ಹೇಗೆ?

ವಾಟ್ಸಾಪ್‌ನಲ್ಲಿ ಈ ಮಾತ್ರೆಯಿಂದ ಕಿಡ್ನಿ ಹೋಗುತ್ತದೆ, ಮರೆವು ಬರುತ್ತದೆ ಅಂತ ಸುತ್ತುತ್ತಿರುತ್ತದೆ. ಆ ಹೆದರಿಕೆಗೆ ಬೇಕಾದವರೂ ಬಿಟ್ಟುಬಿಡುತ್ತಾರೆ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 17 ಸಾವಿರಕ್ಕೂ ಹೆಚ್ಚು ಜನರಿಗೆ ಸುಮಾರು ಮೂರು ವರ್ಷ ಪ್ಯಾಂಟೋಪ್ರಜೋಲ್ ಅಥವಾ ಹುಸಿ ಮಾತ್ರೆ ಕೊಟ್ಟು ಹೋಲಿಸಿದರು. ಸ್ಪಷ್ಟವಾಗಿ ಹೆಚ್ಚು ಕಂಡದ್ದು ಕರುಳಿನ ಸೋಂಕು ಮಾತ್ರ, ಶೇಕಡಾ 1.4 ಮತ್ತು 1.0ರ ವ್ಯತ್ಯಾಸ. ವರ್ಷಗಟ್ಟಲೆ ತಗೊಳ್ಳುವವರು ಬಿ12, ಮೆಗ್ನೀಶಿಯಂ ನೋಡಿಸಿಕೊಂಡರೆ ಒಳ್ಳೆಯದು. ಸಿ, ಡಿ ಗ್ರೇಡಿನ ಗಾಯ ಇದ್ದವರು, ಅನ್ನನಾಳದ ಒಳಪದರವೇ ಬದಲಾಗಿ ಬ್ಯಾರೆಟ್ಸ್ ಅಂತ ಹೆಸರಾದವರು, ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದು ಹೊಟ್ಟೆಯ ರಕ್ಷಣೆಗೆಂದು ಇದನ್ನು ಕೊಟ್ಟಿರುವವರು, ಇವರೆಲ್ಲ ತಾವಾಗಿ ನಿಲ್ಲಿಸಬಾರದು.

ಉಳಿದವರು ಎಂಟು ವಾರದ ನಂತರ ನಿಲ್ಲಿಸುವ ಪ್ರಯತ್ನ ಮಾಡಬೇಕು. ಹೆಚ್ಚಿನವರು ಸೋಲುವುದು ಇಲ್ಲಿ. ನಿಲ್ಲಿಸಿದ ವಾರದೊಳಗೆ ಉರಿ ಧಗ್ಗನೆ ವಾಪಸ್ ಬರುತ್ತದೆ, "ನೋಡಿ, ಇದಿಲ್ಲದೆ ಆಗಲ್ಲ" ಅಂತ ಮತ್ತೆ ಸ್ಟ್ರಿಪ್ ತರುತ್ತಾರೆ. ಡೆನ್ಮಾರ್ಕಿನಲ್ಲಿ 120 ಜನ ಪೂರ್ತಿ ಆರೋಗ್ಯವಂತರ ಮೇಲೆ ಇದನ್ನೇ ನೋಡಿದ್ದಾರೆ, 2009ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಎಂಟು ವಾರ ಇಸೊಮೆಪ್ರಜೋಲ್ ಕೊಟ್ಟು ಗೊತ್ತಾಗದ ಹಾಗೆ ನಿಲ್ಲಿಸಿದರು. ಮುಂದಿನ ನಾಲ್ಕು ವಾರದಲ್ಲಿ ಅವರಲ್ಲಿ ಶೇಕಡಾ 44 ಜನರಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಕಾಣಿಸಿಕೊಂಡಿತು. ಮೊದಲಿಂದಲೂ ಹುಸಿ ಮಾತ್ರೆ ತಗೊಂಡ ಉಳಿದರ್ಧ ಜನರಲ್ಲಿ ಶೇಕಡಾ 15. ಕಾಯಿಲೆಯೇ ಇಲ್ಲದವರಿಗೂ ಉರಿ ಬಂತು! ಪಂಪ್ ಮುಚ್ಚಿದ್ದಷ್ಟು ದಿನ ದೇಹ ಆಸಿಡ್ ಹುಟ್ಟಿಸುವ ಗ್ಯಾಸ್ಟ್ರಿನ್ ಹಾರ್ಮೋನನ್ನು ಏರಿಸಿಟ್ಟಿರುತ್ತದೆ, ಮಾತ್ರೆ ಬಿಟ್ಟ ಕೂಡಲೇ ಆಸಿಡ್ ಉಕ್ಕುತ್ತದೆ. ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ.

ಆದ್ದರಿಂದ ಡಾಕ್ಟರಿಗೆ ತಿಳಿಸಿ, ಮೊದಲು ಡೋಸ್ ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸಿ. ಆ ಮೊದಲ ವಾರಗಳಿಗೆ ಅಂತಲೇ ಆಂಟಾಸಿಡ್ ಅಥವಾ ಆಲ್ಜಿನೇಟ್ ಮನೆಯಲ್ಲಿಟ್ಟುಕೊಳ್ಳಿ. ಮದುವೆ ಊಟ, ಹಬ್ಬದ ಸೀಸನ್ ಇಲ್ಲದ ತಿಂಗಳು ಆರಿಸಿಕೊಳ್ಳಿ. ಒಂದೆರಡು ತಿಂಗಳಾದರೂ ಉರಿ ಇಳಿಯದೆ ಹಾಗೇ ಇದ್ದರೆ ನಿಮ್ಮದು ನಿಜವಾದ ರಿಫ್ಲಕ್ಸ್ ಇರಬಹುದು. ಆಗ ಮೆಡಿಕಲ್ ಶಾಪ್ ಬದಲು ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ನಿಲ್ಲಿಸಿ ಎಷ್ಟು ದಿನ ಆಯಿತು ಅಂತ ಹೇಳಿ, ಪಿಎಚ್ ಪರೀಕ್ಷೆ ಬೇಕಾ ಅಂತ ಕೇಳಿ.